ಜೋಡುಬಂಡೆಯ ಮೇಲಿನ ಗಾಳ

ಭಾನುವಾರ ಬೆಳಿಗ್ಗೆ ಹಂಸ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಹಾಲ್‌ನ ಟೀವಿಯಲ್ಲಿ ಅಣೆಕಟ್ಟಿನ ಸುದ್ದಿ ಬಂತು. ಕೊಡಗಿನಲ್ಲಿ ಮಳೆ ಜೋರಾಗಿದೆ, ಒಳಹರಿವು ಹೆಚ್ಚಿದೆ, ಕಾವೇರಿಗೆ ನೀರು ಬಿಡುತ್ತಿದ್ದಾರೆ, ನದಿ ಪಾತ್ರದ ಜನ ಎಚ್ಚರದಿಂದಿರಬೇಕು ಎಂದು ಸುದ್ದಿ ಓದುವವಳು ಹೇಳಿದಳು. ಹಂಸ ಚಾಕು ಕೆಳಗಿಟ್ಟು ಫೋನ್ ಎತ್ತಿಕೊಂಡಳು. ಅವಳ ಗಂಡ ಶ್ರೀನಿವಾಸ್ ಮೀನು ಹಿಡಿಯಲು ಹೋಗಿದ್ದುದು ಅದೇ ನದಿಗೆ.

ಫೋನ್ ಸಿಗಲಿಲ್ಲ. ಅವನು ಹೋಗಿದ್ದ ಹೊಳೆದಂಡೆಯ ಊರು ಹಳೇಕಡವಿನಲ್ಲಿ ಅದು ಹೊಸದೇನಲ್ಲ. ಊರೊಳಗೆ ಸಿಗ್ನಲ್ ಇರುತ್ತದೆ, ಹೊಳೆಗೆ ಇಳಿದರೆ ಇಲ್ಲ. ಅಲ್ಲದೆ ಅವನು ಮಡುವಿಗೆ ಹೋಗುತ್ತೇನೆಂದು ಹೇಳಿದ್ದ. ಮಡು ಎಂದರೆ ದಡಕ್ಕೆ ಅಂಟಿಕೊಂಡ ಆಳವಾದ, ನಿಧಾನದ ನೀರು. ಮರದ ನೆರಳಲ್ಲಿ ಕುಳಿತು ಗಾಳದ ದಾರಕ್ಕೆ ಕಟ್ಟಿದ ಬೆಂಡು ಮುಳುಗುವುದನ್ನೇ ಕಾಯುವ ಜಾಗ. ನೀರು ಏರಿದರೆ ಕುರ್ಚಿ ಎತ್ತಿಕೊಂಡು ಹಿಂದೆ ಬಂದರಾಯಿತು. ಜೊತೆಗೆ ಕುಕ್ ಟೌನಿನ ಪ್ರೇಮ್‌ಕುಮಾರ್ ಬರುತ್ತಾರೆಂದೂ ಹೇಳಿದ್ದ. ಪ್ರೇಮ್‌ಕುಮಾರ್ ರೈಲ್ವೆಯಿಂದ ನಿವೃತ್ತರಾದವರು, ಶ್ರೀನಿವಾಸನಿಗೆ ಗಾಳ ಕಟ್ಟುವುದನ್ನು ಕಲಿಸಿದವರು. ಅವರ ಫೋನೂ ಸಿಗಲಾರದು ಎಂದುಕೊಂಡೇ ಹಂಸ ಒತ್ತಿದಳು. ಅವರು ತಕ್ಷಣ ಎತ್ತಿದರು. ಆಗಷ್ಟೇ ಚರ್ಚಿನಿಂದ ಮನೆಗೆ ಬಂದಿದ್ದರಂತೆ.

"ನಂಗೇನೂ ಹೇಳಿಲ್ವಲ್ಲಮ್ಮಾ," ಎಂದರು. ಆಮೇಲೆ, "ಒಬ್ನೇ ಹೋಗಿದಾನಾ?" ಎಂದು ಕೇಳಿದರು.

ಹಂಸ ಒಲೆ ಆರಿಸಿ ಮಹಡಿ ಹತ್ತಿದಳು. ಕೆ.ಆರ್. ಪುರದ ಆ ಮನೆ ಒಂದು ಕಾಲಕ್ಕೆ ಶ್ರೀನಿವಾಸನ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ನಿಂತಿತ್ತು. ಕೆಳಗೆ ಬಾಡಿಗೆಯವರು, ನಡುವೆ ಇವರು, ತಾರಸಿಯಲ್ಲಿ ಶ್ರೀನಿವಾಸನ ಮೀನಿನ ಸಾಮಾನಿಡುವ ಕೋಣೆ. ಮದುವೆಯಾದ ಹೊಸದರಲ್ಲಿ ಹಂಸಳೂ ಅವನ ಜೊತೆ ಹೊಳೆಗೆ ಹೋಗುತ್ತಿದ್ದಳು, ಹಾಗಾಗಿ ಆ ಕೋಣೆಯಲ್ಲಿ ಯಾವುದು ಯಾತಕ್ಕೆ ಎಂಬುದು ಅವಳಿಗೆ ಗೊತ್ತಿತ್ತು. ಬಾಗಿಲು ತೆಗೆದಕೂಡಲೇ ಮಡುವಿನಲ್ಲಿ ಬಳಸುವ ತೆಳು ರಾಡು ಗೋಡೆಗೆ ಒರಗಿದ್ದು ಕಂಡಿತು. ಬೆಂಡುಗಳ ಡಬ್ಬಿಯೂ ಅಲ್ಲೇ ಇತ್ತು. ಇಲ್ಲದಿದ್ದುದು ದಪ್ಪ ರಾಡು, ದೊಡ್ಡ ರೀಲು, ಮತ್ತೆ ಶಿವಾಜಿನಗರದ ಶಮೀಮ್ ಅಂಗಡಿಯಿಂದ ತಂದಿದ್ದ, ದಾರಕ್ಕೆ ಭಾರವಾಗಿ ಕಟ್ಟುವ ಚಪ್ಪಟೆ ಸೀಸಗಳು. ಗುಂಡು ಸೀಸ ಸೆಳವಿನಲ್ಲಿ ಉರುಳಿಕೊಂಡು ಹೋಗುತ್ತದೆ. ಚಪ್ಪಟೆಯದು ಕಲ್ಲಿನ ಮೇಲೆ ಕಚ್ಚಿ ಕೂರುತ್ತದೆ. ನಿಂತ ನೀರಿಗೆ ಅದನ್ನು ಯಾರೂ ಒಯ್ಯುವುದಿಲ್ಲ.

ಆಗ ಅವಳಿಗೆ ಹಿಂದಿನ ಸಂಜೆಯ ಅಡುಗೆಮನೆ ನೆನಪಾಯಿತು. ಮಡುವಿನ ಎರೆಗಾದರೆ ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ ಮೆದುವಾಗಿ ಕಲಸಬೇಕು. ಅದು ನೀರಿನಲ್ಲಿ ನಿಧಾನವಾಗಿ ಕರಗಿ ಮೀನನ್ನು ಹತ್ತಿರ ಕರೆಯುತ್ತದೆ. ಶ್ರೀನಿವಾಸ್ ಗಟ್ಟಿಯಾಗಿ ಬೇಯಿಸಿಕೊಡು ಎಂದಿದ್ದ, ಅವಳು ಕೈಯಾರೆ ಬೇಯಿಸಿ ಉಂಡೆ ಕಟ್ಟಿಕೊಟ್ಟಿದ್ದಳು. ಸೆಳವಿಗೆ ಕೊಚ್ಚಿಹೋಗದ ಉಂಡೆ. ಯಾಕೆ ಎಂದು ಕೇಳಬೇಕೆನಿಸಿತ್ತು, ಕೇಳಿರಲಿಲ್ಲ.

ಅವನು ಮಡುವಿನಲ್ಲಿಲ್ಲ, ಜೋಡುಬಂಡೆಯ ಮೇಲಿದ್ದಾನೆ.

ಜೋಡುಬಂಡೆ ಹೊಳೆಯ ನಡುವೆ ಇತ್ತು. ನೀರು ಕಡಿಮೆಯಿದ್ದಾಗ ದಡಕ್ಕೂ ಬಂಡೆಗೂ ನಡುವಿನ ಕವಲನ್ನು ಮೊಣಕಾಲುದ್ದ ನೀರಿನಲ್ಲಿ ನಡೆದೇ ದಾಟಬಹುದು. ಬಂಡೆಯ ಆಚೆ ಬದಿಯ ರಭಸದಲ್ಲಿ ದೊಡ್ಡ ಗೆಂಡೆ ಮೀನುಗಳು ಓಡಾಡುತ್ತವೆ. ಆದರೆ ಹೊಳೆ ಏರುವಾಗ ಮೊದಲು ತುಂಬುವುದು ಈಚೆಯ ಕವಲು, ಅದೂ ಮೀನಿನ ಕಡೆ ಮುಖ ಮಾಡಿ ನಿಂತವನ ಬೆನ್ನ ಹಿಂದೆ. ಒಮ್ಮೆ ಹಂಸ ಅಲ್ಲಿಂದ ಸೊಂಟದವರೆಗಿನ ನೀರಿನಲ್ಲಿ ಗಂಡನ ಬೆಲ್ಟ್ ಹಿಡಿದು ಈಚೆಗೆ ಬಂದಿದ್ದಳು. ಆಮೇಲೆ ಅವಳು ಹೊಳೆಗೆ ಹೋಗಿರಲಿಲ್ಲ. ಆ ಬಂಡೆ ಹತ್ತುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ.

ಕೆಳಗಿನಿಂದ ಅತ್ತೆ ದೊಡ್ಡಮುನಿಯಮ್ಮ ಕೂಗಿದರು. ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಹಂಸ ಇಳಿದು ಬಂದಾಗ, ಹೊಳೆಗೆ ನೀರು ಬಿಟ್ಟವ್ರಂತಲ್ಲ, ಸೀನ ಎಲ್ಲವ್ನೆ ಎಂದು ಕೇಳಿದರು. ಮಡುವಿನ ಹತ್ತಿರ, ಪ್ರೇಮ್‌ಕುಮಾರ್ ಅಂಕಲ್ ಜೊತೆ ಎಂದು ಹಂಸ ಹೇಳಿದಳು. ಮುದುಕಿ ತಲೆಯಾಡಿಸಿದರು, ಆದರೆ ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಜಾಸ್ತಿ ಮಾಡಿದರು.

ಹಂಸ ಮತ್ತೆ ತಾರಸಿಗೆ ಹೋದಳು. ತುರ್ತು ಸಂಖ್ಯೆಗೆ ಫೋನ್ ಮಾಡಿ ಊರು, ಬಂಡೆ, ಗಂಡನ ಹೆಸರು ಎಲ್ಲ ಹೇಳಿದಳು. ಆ ಕಡೆಯವರು ಬರೆದುಕೊಂಡು, ಹತ್ತಿರದ ಠಾಣೆಗೆ ತಿಳಿಸುತ್ತೇವೆ, ತಲುಪಲು ಸ್ವಲ್ಪ ಹೊತ್ತು ಬೇಕು ಎಂದರು. ಆ ಸ್ವಲ್ಪ ಹೊತ್ತಿನಲ್ಲಿ ನೀರು ಎಷ್ಟು ಏರುತ್ತದೆ ಎಂಬ ಲೆಕ್ಕ ಅವಳ ಮನಸ್ಸಿನಲ್ಲಿ ತಾನಾಗಿಯೇ ಶುರುವಾಯಿತು.

ಹಳೇಕಡವಿನಲ್ಲಿ ಅವಳಿಗೆ ಗೊತ್ತಿದ್ದವರು ಒಬ್ಬರೇ, ಹೊಳೆ ದಾಟುವ ಕಡವಿನ ದಾರಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಆಂಜನಮ್ಮ. ಇವತ್ತಿಗೂ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ದೇವರ ಚಿತ್ರ ಕಳಿಸುತ್ತಿದ್ದಳು, ಹಾಗಾಗಿ ನಂಬರ್ ಇತ್ತು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಹಳೇ ಮದ್ರಾಸ್ ರಸ್ತೆಯ ಹಾರ್ನ್‌ಗಳು ಒಂದರ ಮೇಲೊಂದು ಕೇಳುತ್ತಿದ್ದವು. ಸ್ಕೂಟರ್ ತೆಗೆದು ಹೊರಟುಬಿಡೋಣ ಎನಿಸಿತು. ಹೊರಟರೆ ಈ ಟ್ರಾಫಿಕ್ಕಿನಲ್ಲಿ ಕೆ.ಆರ್. ಪುರದ ಸೇತುವೆ ದಾಟುವಷ್ಟರಲ್ಲೇ ಅರ್ಧ ಜೀವ ಹೋಗುತ್ತದೆ. ದಾರಿಯಲ್ಲಿ ಫೋನ್ ಬಂದರೆ ಕೇಳಿಸುವುದೂ ಇಲ್ಲ. ಸಿಗ್ನಲ್ ಚೆನ್ನಾಗಿದ್ದ ನೀರಿನ ಟ್ಯಾಂಕಿನ ಪಕ್ಕದಲ್ಲೇ ನಿಂತಳು. ನಿಲ್ಲುವುದು ಹೊರಡುವುದಕ್ಕಿಂತ ಕಷ್ಟವಾಗಿತ್ತು.

ಕೊನೆಗೆ ಆಂಜನಮ್ಮನೇ ಫೋನ್ ಮಾಡಿದಳು. ನೀರು ನೋಡಲು ಕಡವಿಗೆ ಹೋಗಿದ್ದಳಂತೆ. ಹಂಸ ವಿಷಯ ಹೇಳಿದಳು. ಬೆಳಿಗ್ಗೆ ಅವನು ಟೀ ಕುಡಿದುಕೊಂಡು ಕೆಳಗೆ ಹೋಗಿದ್ದನ್ನು ಆಂಜನಮ್ಮ ನೋಡಿದ್ದಳು, ಕಾರು ಇನ್ನೂ ಅಲ್ಲೇ ಇತ್ತು. ತೆಪ್ಪದವರನ್ನು ಕರೆದುಕೊಂಡು ಓಡುತ್ತೇನೆ, ದಿಬ್ಬದ ಮೇಲೆ ನಿಂತರೆ ಬಂಡೆಯೂ ಕಾಣುತ್ತದೆ, ಸಿಗ್ನಲ್ಲೂ ಸಿಗುತ್ತದೆ ಎಂದು ಹೇಳಿ ಫೋನ್ ಇಟ್ಟಳು.

ಹಂಸ ಪ್ರೇಮ್‌ಕುಮಾರರಿಗೆ ಫೋನ್ ಮಾಡಿ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅವರು ಟ್ಯಾಕ್ಸಿ ಹಿಡಿದು ಹಳೇಕಡವಿಗೆ ಹೊರಟೆನೆಂದರು. ಮತ್ತೆ ಫೋನ್ ಬಂತು.

"ಅವ್ರೆ ಕಣವ್ವ, ಬಂಡೆ ಮ್ಯಾಲೇ ನಿಂತವ್ರೆ," ಆಂಜನಮ್ಮ ಏದುಸಿರು ಬಿಡುತ್ತಿದ್ದಳು. "ಈಚೆ ಕವಲು ಪೂರಾ ತುಂಬ್ಕಂಡದೆ. ತೆಪ್ಪ ಬುಟ್ರೆ ಸೆಳ್ಕಂಡು ಹೋಯ್ತದೆ ಅಂತಾರೆ. ಹಗ್ಗ ಎಸುದ್ರೂ ಮುಟ್ತಾ ಇಲ್ಲ."

ಹಂಸ ಕಣ್ಣು ಮುಚ್ಚಿದಳು. ಅವನ ಕೈಯಲ್ಲಿ ಈಗ ಏನೇನಿದೆ ಎಂದು ಯೋಚಿಸಿದಳು. ಪ್ರತಿ ಬೇಸಿಗೆ ಶ್ರೀನಿವಾಸ್ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನಿಂತು, ಗಾಳ ಬಿಚ್ಚಿ ಬರೀ ಸೀಸ ಕಟ್ಟಿ, ಆಚೆ ಮೂಲೆಯಲ್ಲಿಟ್ಟ ಬಕೆಟ್ಟಿಗೆ ಗುರಿಯಿಟ್ಟು ಎಸೆಯುತ್ತಿದ್ದ. ಬಾಡಿಗೆಯವರು ನಗುತ್ತಿದ್ದರು. ಸೀಸ ಹಗ್ಗದಂತಲ್ಲ, ಗಾಳಿ ಸೀಳಿಕೊಂಡು ಹೋಗುತ್ತದೆ.

"ಆಂಜನಮ್ಮಾ, ಅವ್ರ ಹತ್ರ ರಾಡಿದೆ, ಸೀಸ ಇದೆ," ಎಂದಳು. "ದಡಕ್ಕೆ ಎಸೀಲಿ. ಆ ದಾರಕ್ಕೆ ನೀವು ಸಣ್ಣ ಹಗ್ಗ ಕಟ್ಟಿ, ಅದಕ್ಕೆ ದೊಡ್ಡ ಹಗ್ಗ ಕಟ್ಟಿ. ಅವ್ರು ಸುತ್ಕೊಂಡು ಎಳ್ಕೋತಾರೆ."

ಆಂಜನಮ್ಮ ಅದನ್ನು ತೆಪ್ಪದವರಿಗೆ ಕೂಗಿ ಹೇಳಿದಳು, ಆದರೆ ನೀರಿನ ಸದ್ದಿನಲ್ಲಿ ಬಂಡೆಯ ಮೇಲಿದ್ದವನಿಗೆ ಏನೂ ಕೇಳಿಸುತ್ತಿರಲಿಲ್ಲ. ತೆಪ್ಪದವರು ದಡದಲ್ಲಿ ಸಾಲಾಗಿ ನಿಂತು ಕೈ ಬೀಸಿ ಬೀಸಿ ಎಸೆಯುವ ಅಭಿನಯ ಮಾಡಿದರು. ಆಂಜನಮ್ಮ ನೋಡಿದ್ದನ್ನು ಹಾಗೇ ಹೇಳುತ್ತ ಹೋದಳು. ಅವನಿಗೆ ಅರ್ಥವಾಗಿಲ್ಲ. ಈಗ ಅರ್ಥವಾಯಿತು, ಕೂತುಕೊಂಡು ಗಾಳ ಕತ್ತರಿಸುತ್ತಿದ್ದಾನೆ. ನೀರು ಅವನ ಪಾದ ಮುಟ್ಟಿದೆ. ಎಸೆದ, ಗಾಳಿಗೆ ಅತ್ತ ಹೋಯಿತು. ಮತ್ತೆ ಎಸೆದ, ನೀರೊಳಗೆ ಎಲ್ಲೋ ಸಿಕ್ಕಿಕೊಂಡಿತು, ಕಿತ್ತುಹೋಯಿತು. ಇನ್ನೊಂದು ಸೀಸ ಕಟ್ಟುತ್ತಿದ್ದಾನೆ ಕಣವ್ವ. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಹಂಸ ತಿರುಗಿ ಮಾಡಿದರೆ ಸಿಗಲಿಲ್ಲ. ಟ್ಯಾಂಕಿಗೆ ಬೆನ್ನು ಕೊಟ್ಟು ಕುಳಿತಳು. ಪಕ್ಕದ ತಾರಸಿಯಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು, ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಬಂತು. ಅವಳಿಗೆ ಬಂಡೆಯ ಮೇಲಿನ ಅವನ ಪಾದಗಳು ಮಾತ್ರ ಕಾಣುತ್ತಿದ್ದವು. ತಲೆಯೆತ್ತಿ ನೋಡಿದರೆ ಎದುರಿಗೆ ಅತ್ತೆ ನಿಂತಿದ್ದರು. ಮೆಟ್ಟಿಲು ಹತ್ತಬಾರದೆಂದು ಡಾಕ್ಟರ್ ಹೇಳಿದ್ದರೂ ಹತ್ತಿ ಬಂದಿದ್ದರು. ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಮಣಿಕಟ್ಟು ಹಿಡಿದುಕೊಂಡರು.

ಆಮೇಲೆ ಫೋನ್ ಬಂದಾಗ ಮಾತಾಡಿದ್ದು ಶ್ರೀನಿವಾಸ್.

"ಹಂಸಾ, ದಡದಲ್ಲಿದೀನಿ," ಎಂದ. ಹಂಸ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.

ಮೂರನೆಯ ಸಲ ಎಸೆದ ಸೀಸ ದಡದ ಲಕ್ಕಿಗಿಡದಲ್ಲಿ ಸಿಕ್ಕಿಕೊಂಡಿತ್ತು. ದಾರದ ಹಿಂದೆ ಸಣ್ಣ ಹಗ್ಗ, ಅದರ ಹಿಂದೆ ತೆಪ್ಪದ ಹಗ್ಗ ಬಂತು. ಅವನು ಅದನ್ನು ಬಂಡೆಯ ಮೂಗಿಗೆ ಬಿಗಿದ. ಈ ತುದಿಯನ್ನು ದಡದ ಮತ್ತಿಮರಕ್ಕೆ ಕಟ್ಟಿ, ತೆಪ್ಪದವರು ಹಗ್ಗ ಹಿಡಿದುಕೊಂಡೇ ತೆಪ್ಪ ತೇಲಿಸಿಕೊಂಡು ಹೋಗಿ ಅವನನ್ನು ಕರೆತಂದರು. ಪೊಲೀಸರು ಬಂದಾಗ ಅವನು ಆಂಜನಮ್ಮನ ಅಂಗಡಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ. ಅವರು ಬೈದು, ಅವರೂ ಟೀ ಕುಡಿದು ಹೋದರು.

ಸಂಜೆ ಪ್ರೇಮ್‌ಕುಮಾರ್ ಅವನನ್ನು ಮನೆ ತಲುಪಿಸಿದರು. ದಾರ ಎಳೆದು ಎಳೆದು ಅವನ ಬೆರಳುಗಳು ಸೀಳಿದ್ದವು. ಹಂಸ ಬಿಸಿನೀರಿನಲ್ಲಿ ಅವನ್ನು ತೊಳೆದು ಬಟ್ಟೆ ಸುತ್ತಿದಳು. ಅವನು ತಾನಾಗಿಯೇ ಹೇಳಿದ. ನೀರಿನ ಬಣ್ಣ ಕೆಂಪಾದದ್ದು, ನೊರೆ ಮತ್ತು ಎಲೆ ತೇಲಿ ಬಂದದ್ದು ಎಲ್ಲ ಅವನಿಗೆ ಕಂಡಿತ್ತು. ಆದರೆ ಆಗಲೇ ದೊಡ್ಡ ಗೆಂಡೆಯೊಂದು ಕಚ್ಚಿ ಎಳೆಯುತ್ತಿತ್ತು. ಇದೊಂದು ದಡ ಸೇರಲಿ ಅಂದುಕೊಂಡ. ಮೀನು ಗಾಳ ಬಿಡಿಸಿಕೊಂಡು ಹೋದಮೇಲೆ ತಿರುಗಿ ನೋಡಿದರೆ ಕವಲು ತುಂಬಿತ್ತು.

"ಮಡು ಅಂತ ಯಾಕ್ ಹೇಳಿದ್ರಿ?" ಎಂದು ಅವಳು ಕೇಳಿದಳು.

"ಬಂಡೆ ಅಂದಿದ್ರೆ ನೀನು ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ," ಎಂದು ಹೇಳಿ ಅವಳು ಬಿಸಿನೀರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಒಂದು ವಾರ ಅವರಿಬ್ಬರ ನಡುವೆ ಕೆಲಸಕ್ಕೆ ಬೇಕಾದಷ್ಟೇ ಮಾತಿತ್ತು.

ಮಳೆಗಾಲ ಮುಗಿದು ಹೊಳೆ ಇಳಿದಮೇಲೆ ಇಬ್ಬರೂ ಹಳೇಕಡವಿಗೆ ಹೋದರು. ಆಂಜನಮ್ಮನಿಗೆ ಸೀರೆ, ತೆಪ್ಪದವರಿಗೆ ಪಂಚೆ ಕೊಟ್ಟರು. ಈಚೆ ಕವಲು ಪಾದ ಮುಳುಗುವಷ್ಟು ತೆಳ್ಳಗಾಗಿತ್ತು, ಮಕ್ಕಳು ಅದರಲ್ಲಿ ಎಮ್ಮೆ ತೊಳೆಯುತ್ತಿದ್ದರು. ಹಂಸ ಅದನ್ನು ನೋಡುತ್ತ ನಿಂತಳು. ಶ್ರೀನಿವಾಸ್ ದಾಟೋಣ ಎನ್ನಲಿಲ್ಲ. ಮಡುವಿನ ಮರದ ಕೆಳಗೆ ಅಕ್ಕಪಕ್ಕದಲ್ಲಿ ಕುಳಿತರು. ಗಾಳಿ ಬೀಸಿ ನೀರಿನ ಸದ್ದು ಕೊಂಚ ಬದಲಾದಾಗಲೆಲ್ಲ ಅವಳು ಹೊಳೆಯ ಮೇಲುಗಡೆಗೆ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವಳ ರಾಡಿಗೆ ಅಂಗೈಯಗಲದ ಗೆಂಡೆಯೊಂದು ಬಿತ್ತು. ಗಾಳ ಬಿಡಿಸಿ ಅದನ್ನು ನೀರಿಗೆ ಬಿಟ್ಟು, ಬುತ್ತಿ ಬಿಚ್ಚಿದರು.