ಮಹತಿಗೆ ಮಡಿ ಕಲಿಸಿದವರು

ಮೊಮ್ಮಗಳು ಮನೆಗೆ ಬಂದು ಎರಡು ತಿಂಗಳಾದರೂ ಒಮ್ಮೆಯೂ ತನ್ನ ತೊಡೆಯೇರಿ ಕೂತಿಲ್ಲ ಎಂಬುದನ್ನು ವಿಜಯಾಬಾಯಿ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವುದಾದರೂ ಹೇಗೆ? ಮನೆಗೆ ಬಂದವರೆಲ್ಲ ಮೂರೂವರೆ ವರ್ಷದ ಮಹತಿಯನ್ನು ನೋಡಿ, "ಎಷ್ಟು ಶಾಣ್ಯಾ ಹುಡುಗಿರೀ! ಅಜ್ಜಿ ಮಡ್ಯಾಗ ಇದ್ದಾರಂದ್ರ ಹತ್ರಾನೂ ಸುಳಿಯಂಗಿಲ್ಲ" ಎಂದು ಬಾಯಿತುಂಬ ಹೊಗಳುತ್ತಿದ್ದರು. ಇಂಥ ಶಾಣ್ಯಾತನದ ಮೇಲೆ ದೂರು ಹೇಳಿದರೆ ಜನ ನಕ್ಕಾರು.

ಮಗ ಗುರುಪ್ರಸನ್ನ ದೇವದುರ್ಗದ ಕಾಲೇಜಿನಲ್ಲಿ ಲೆಕ್ಚರರ್. ಮಗು ಹುಟ್ಟಿದಾಗಿನಿಂದ ಅಲ್ಲೇ ಮನೆ ಮಾಡಿಕೊಂಡಿದ್ದ. ಸೊಸೆ ವೇದಶ್ರೀಗೆ ರಾಯಚೂರಿನ ಬ್ಯಾಂಕಿಗೆ ವರ್ಗವಾದದ್ದೇ ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಇಲ್ಲಿಗೇ ಬಂದರು. ಈಗ ಅವನೇ ದಿನಾ ಬಸ್ಸು ಹಿಡಿದು ದೇವದುರ್ಗಕ್ಕೆ ಹೋಗಿ ಬರುತ್ತಾನೆ. ಅವರು ಬರುತ್ತಾರೆಂದು ತಿಳಿದ ದಿನದಿಂದ ವಿಜಯಾಬಾಯಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಳೆಯ ಸೀರೆಗಳನ್ನೆಲ್ಲ ಹಾಕಿ ಪುಟ್ಟದೊಂದು ಕೌದಿ ಹೊಲಿದಳು. ಡಬ್ಬಿ ತುಂಬ ಚಕ್ಕುಲಿ ಮಾಡಿದಳು. ಇನ್ನು ಮೇಲೆ ಕೂಸು ತನ್ನ ಮಗ್ಗುಲಲ್ಲೇ ಮಲಗುತ್ತದೆ ಎಂದು ಗಂಡನಿಗೆ ಹೇಳಿ, ಅವರ ಮಂಚವನ್ನು ಹಜಾರಕ್ಕೆ ಹಾಕಿಸಿದ್ದೂ ಆಯಿತು.

ಅವರ ಆಟೋ ಬಾಗಿಲಿಗೆ ಬಂದದ್ದು ಬೆಳಗ್ಗೆ. ವಿಜಯಾಬಾಯಿ ಮಡಿಯಲ್ಲಿದ್ದಳು. ಸ್ನಾನ ಮಾಡಿ ಮಡಿಸೀರೆ ಉಟ್ಟಳೆಂದರೆ ಪೂಜೆ, ಅಡುಗೆ, ನೈವೇದ್ಯ ಮುಗಿಯುವತನಕ ಆಕೆ ಯಾರನ್ನೂ ಮುಟ್ಟುವುದಿಲ್ಲ, ಯಾರೂ ಆಕೆಯನ್ನು ಮುಟ್ಟುವಂತಿಲ್ಲ. ಅತ್ತೆಯಿಂದ ಬಂದ ಈ ಪಾಠವನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆಟೋ ಇಳಿದ ಮಹತಿ ಎರಡೂ ಕೈ ಚಾಚಿ ಓಡಿ ಬಂದಾಗ ಆಕೆಯ ಬಾಯಿಂದ ತನಗೇ ಗೊತ್ತಿಲ್ಲದಂತೆ, "ಹೇ, ಮುಟ್ಟಬ್ಯಾಡ! ಮಡಿ!" ಎಂದು ಬಂದುಬಿಟ್ಟಿತು. ಮಗು ನಿಂತಿತು. ಅಳಲಿಲ್ಲ. ಹೋಗಿ ಅಮ್ಮನ ಸೀರೆ ಹಿಡಿದುಕೊಂಡಿತು. ಸಂಜೆ ಎತ್ತಿಕೊಂಡರಾಯಿತು ಎಂದು ವಿಜಯಾಬಾಯಿ ಸಮಾಧಾನ ಮಾಡಿಕೊಂಡಳು. ಆ ಸಂಜೆ ಇನ್ನೂ ಬಂದಿರಲಿಲ್ಲ.

ಸಂಜೆ ಕರೆದರೂ ಅಷ್ಟೇ.

"ಬಾ ಪುಟ್ಟಾ, ಈಗ ಮಡಿ ಇಲ್ಲ. ಸಂಜಿ ಆತು ನೋಡು."

"ಬ್ಯಾಡ. ನೀ ಮಡಿ."

"ಇಲ್ಲವ್ವಾ, ಮಡಿ ಮುಗೀತು. ಮುಟ್ಟಬಹುದು."

"ಸಂಜಿಗೂ ನೀ ಮಡಿ," ಎನ್ನುತ್ತಿದ್ದಳು ಮಹತಿ. ಅದರಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಬೆಲ್ಲ ಸಿಹಿ ಎಂದಷ್ಟೇ ಸಹಜವಾಗಿ ಹೇಳಿ ತನ್ನ ಆಟಕ್ಕೆ ಹೋಗುತ್ತಿದ್ದಳು.

ಹಾಗಂತ ಅಜ್ಜಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ತಾನು ತಿನ್ನುವ ಬಿಸ್ಕೀಟಿನಲ್ಲಿ ಅರ್ಧ ಅಜ್ಜಿಗೇ. ಆದರೆ ಅದನ್ನು ಕೈಗೆ ಕೊಡುವುದಿಲ್ಲ. ಅಜ್ಜಿಯಿಂದ ಮಾರುದೂರದಲ್ಲಿ ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, "ತಗೋ" ಎನ್ನುತ್ತಾಳೆ. ಅಜ್ಜಿ ಎತ್ತಿಕೊಂಡ ಮೇಲೆ ಸಂತೋಷದಿಂದ ಚಪ್ಪಾಳೆ ತಟ್ಟುತ್ತಾಳೆ. ಅದೇ ಅಜ್ಜನಾದರೆ ಹೆಗಲೇರಿ ಅವರ ಕನ್ನಡಕ ಕಿತ್ತುಕೊಳ್ಳುತ್ತಾಳೆ, ಕಿವಿ ಹಿಂಡುತ್ತಾಳೆ. ಅದನ್ನು ನೋಡುವಾಗ ವಿಜಯಾಬಾಯಿಗೆ, ಇವರಿಗೆ ಮಾತ್ರ ಯಾವ ಪುಣ್ಯ ಎಂದು ಗಂಡನ ಮೇಲೇ ಸಿಟ್ಟು ಬರುತ್ತಿತ್ತು.

ಅದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಅಂಬಮ್ಮನ ಮೇಲಿತ್ತು. ದೇವದುರ್ಗದಲ್ಲಿ ಮಗನ ಮನೆಯ ಹಿಂದಿನ ಓಣಿಯವಳು ಅಂಬಮ್ಮ. ಮಗ ಸೊಸೆ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಆಕೆಯೇ; ಮಹತಿ ನಡೆಯುವುದಕ್ಕಿಂತ ಮೊದಲು ಊರು ನೋಡಿದ್ದು ಅಂಬಮ್ಮನ ಸೊಂಟದ ಮೇಲೆ ಕೂತು. ನಿದ್ದೆ ಬಂದಾಗ ಈಗಲೂ ಕೂಸು ಕೇಳುವುದು "ಅಂಬವ್ವ ಎಲ್ಲಿ?" ಎಂದೇ. ಕೌದಿ ಹೊಲಿದವಳು ಇಲ್ಲಿ, ಹೆಸರು ಅಲ್ಲಿಯವಳದು!

ವಿಜಯಾಬಾಯಿಯ ಗಂಡ ಗೋಪಾಲಕೃಷ್ಣ ಮಾಸ್ತರರು ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಲ್ಲ ಲೆಕ್ಕಕ್ಕೂ ಉತ್ತರವಿದೆ ಎಂದು ನಂಬಿದವರು. ಹೆಂಡತಿ ಕೌದಿ ಮಡಿಸಿಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಒಂದು ಸಂಜೆ ನೋಡಿದರು.

"ಇದಕ್ಕ ಯಾಕ ಅಳತಿ? ರೇಷ್ಮಿಗೆ ಮೈಲಿಗಿ ಇಲ್ಲ, ಹೌದಿಲ್ಲೋ? ಕೂಸಿಗೆ ರೇಷ್ಮಿ ಹಾಕಿದ್ರಾತು. ಮಡ್ಯಾಗ ಇದ್ದಾಗಲೇ ಬಂದು ನಿನ್ನ ಅಪ್ಪಿಕೊಳ್ಳಲಿ. ಅಕಿ ಹೆದರಿಕಿ ಹೋಗ್ತದ."

ಹೇಳಿದ್ದಷ್ಟೇ ಅಲ್ಲ, ತಮ್ಮ ಹಳೆಯ ರೇಷ್ಮೆ ಮಡಿಪಂಚೆಯನ್ನು ಬಗಲಲ್ಲಿಟ್ಟುಕೊಂಡು ಬಜಾರಿನ ಮುಕರ್ರಂ ಟೇಲರನ ಅಂಗಡಿಗೆ ಹೋದರು. ಮುಕರ್ರಂ ಬಹಳ ಉಮೇದಿನಿಂದ, ಕೆಳಗೆ ಸುತ್ತಲೂ ನೆರಿಗೆ, ಬೆನ್ನಿಗೆ ದೊಡ್ಡ ಬೋ ಇಟ್ಟು ಚಂದದ ಫ್ರಾಕು ಹೊಲಿದುಕೊಟ್ಟ. ಅದನ್ನು ಬಿಚ್ಚಿ ನೋಡಿದ ವಿಜಯಾಬಾಯಿ ತಲೆ ಮೇಲೆ ಕೈ ಹೊತ್ತು ಕೂತಳು.

"ಹೊಲಿದ ಬಟ್ಟಿ ಮಡಿಗೆ ನಡಿಯಂಗಿಲ್ಲಂತ ಗೊತ್ತಿಲ್ಲೇನ್ರಿ ನಿಮಗ? ಇಷ್ಟು ವರ್ಷ ದೇವರ ಮುಂದ ಕೂತು ಏನು ಮಾಡಿದ್ರಿ?"

"ರೇಷ್ಮಿ ಅಂತೂ ರೇಷ್ಮೀನ ಹೌದಲ್ಲ," ಎಂದು ಮಾಸ್ತರರು ಗೊಣಗಿದರು.

ಮೂಗು ಮುರಿದರೂ ವಿಜಯಾಬಾಯಿ ಫ್ರಾಕನ್ನು ಒಳಗೆ ಒಯ್ದಳು. ಹೊಲಿಗೆಯೋ ನೇಯ್ಗೆಯೋ, ದೇವರಕೋಣೆಯ ಕೃಷ್ಣ ಅಷ್ಟೊಂದು ಹತ್ತಿರ ಬಂದು ನೋಡಲಿಕ್ಕಿಲ್ಲ ಎನಿಸಿತು. ಇಂಥ ಯೋಚನೆ ತನ್ನ ತಲೆಗೆ ಬಂತಲ್ಲ ಎಂದು ಆಕೆಗೇ ಅಚ್ಚರಿಯಾಯಿತು.

ಮರುದಿನ ಬೆಳಗ್ಗೆ ವೇದಶ್ರೀ ಮಗುವನ್ನು ಮೀಯಿಸಿ ಫ್ರಾಕು ತೊಡಿಸಿ, "ನೋಡು, ಈಗ ನೀನೂ ಮಡಿ. ಅಜ್ಜಿ ಹತ್ರ ಹೋಗು" ಎಂದು ಬಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ವಿಜಯಾಬಾಯಿ ಕೈ ಚಾಚಿ ಕೂತಿದ್ದಳು. ಮಹತಿ ಹಜಾರದ ನಟ್ಟನಡುವೆ ಬಂದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದಳು: "ಯಾರೂ ನನ್ನ ಮುಟ್ಟಬ್ಯಾಡ್ರಿ! ನಾ ಮಡಿ!"

ಬಸ್ಸಿಗೆ ಹೊತ್ತಾದ ಗುರುಪ್ರಸನ್ನ ಗೋಡೆಗೆ ಅಂಟಿಕೊಂಡು ಹೊರಗೆ ಹೋಗಬೇಕಾಯಿತು. ಅಜ್ಜನಿಗೂ ಪ್ರವೇಶವಿಲ್ಲ. "ಅಜ್ಜಿ, ನೀನೂ ಮುಟ್ಟಬ್ಯಾಡ" ಎಂದು ಅಲ್ಲಿಗೂ ಅಪ್ಪಣೆಯಾಯಿತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಜಯಾಬಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಮೇಲೆ ದೇವರಕೋಣೆಗೆ ಹೋಗಿ ಅತ್ತಳು. ಆಟೋ ಇಳಿದು ಓಡಿಬಂದ ಮಗುವಿನ ಮೇಲೆ ಕೂಗಿದ ಆ ಒಂದು ಕೂಗಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ದೇವರನ್ನೇ ಕೇಳಿದಳು.

ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಅಂಬಮ್ಮ ಬಂದಳು. ಆಕೆಯ ಮಗಳು ದುರ್ಗಾಗೆ ರಾಯಚೂರಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಮಗಳನ್ನು ಹಾಸ್ಟೆಲಿಗೆ ಬಿಟ್ಟು, ಕೂಸನ್ನು ಒಂದು ಸಲ ನೋಡಿ ಹೋಗೋಣ ಎಂದು ಹಾಗೇ ಇತ್ತ ತಿರುಗಿದ್ದಳು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ವಿಜಯಾಬಾಯಿ ಮಡಿಯಲ್ಲಿ, ಅಂಗಳದ ತುಳಸಿಗೆ ನೀರು ಹಾಕುತ್ತಿದ್ದಳು.

"ಅಂಬವ್ವಾ!" ಮಹತಿ ಮೆಟ್ಟಿಲಿನಿಂದಲೇ ಹಾರಿದಳು. ಒಂದು ಗಳಿಗೆಯಲ್ಲಿ ಅಂಬಮ್ಮನ ಸೊಂಟದ ಮೇಲಿದ್ದಳು. ಕೊರಳಿಗೆ ಕೈ ಹಾಕಿ, ಕೆನ್ನೆಗೆ ಕೆನ್ನೆ ಒತ್ತಿ, ದೇವದುರ್ಗದ ಕೋಳಿ ಕುರಿಗಳನ್ನೆಲ್ಲ ಹೆಸರು ಹಿಡಿದು ವಿಚಾರಿಸತೊಡಗಿದಳು. ವಿಜಯಾಬಾಯಿ ತುಳಸಿಯ ಕಡೆ ಮುಖ ತಿರುಗಿಸಿಕೊಂಡಳು.

"ಆರಾಮ ಅದೀರೇನ್ರಿ ಬಾಯಾರ?" ಎನ್ನುತ್ತ ಅಂಬಮ್ಮ ಹತ್ತಿರ ಬಂದಳು. "ನಮ್ಮ ಹೊಲದ ಬದುವಿನ ಸೀತಾಫಲ. ಮನ್ಯಾಗ ಎಲ್ಲಾರೂ ತಿನ್ರಿ." ಮಗುವನ್ನು ಎತ್ತಿಕೊಂಡೇ ಬಗ್ಗಿ, ಕೈಚೀಲವನ್ನು ವಿಜಯಾಬಾಯಿಯಿಂದ ಮಾರುದೂರದಲ್ಲಿ ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, "ತಗೋರಿ" ಎಂದಳು.

ವಿಜಯಾಬಾಯಿ ಆ ಚೀಲವನ್ನೇ ನೋಡಿದಳು. ಅದೇ ದೂರ. ಅದೇ ಬಗ್ಗುವಿಕೆ. ಹಿಂದೆ ಇಟ್ಟ ಅದೇ ಹೆಜ್ಜೆ.

ದೇವದುರ್ಗದ ಮನೆಗೆ ಹೋದಾಗಲೆಲ್ಲ ಅಂಬಮ್ಮ ಹೀಗೇ ಅಲ್ಲವೇ ಮಾಡುತ್ತಿದ್ದದ್ದು? ಹಾಲಿನ ಪಾಕೀಟು ತಂದರೆ ನೆಲದ ಮೇಲೆ. ಕಾಯಿಪಲ್ಲೆ ತಂದರೆ ನೆಲದ ಮೇಲೆ. ಅಷ್ಟೇಕೆ, ಮಗುವನ್ನು ಕೊಡುವಾಗಲೂ ಸೊಂಟದಿಂದ ನೆಲಕ್ಕಿಳಿಸಿ ಹಿಂದೆ ಸರಿದು ನಿಲ್ಲುತ್ತಿದ್ದಳು, ಆಮೇಲೆ ವಿಜಯಾಬಾಯಿ ಎತ್ತಿಕೊಳ್ಳುತ್ತಿದ್ದಳು. ಬೆಳಗ್ಗೆಯೂ ಹಾಗೇ, ಸಂಜೆಯೂ ಹಾಗೇ. ಸಂಜೆ ಮಡಿ ಎಲ್ಲಿತ್ತು? ಇರಲಿಲ್ಲ. ಹಾಗೆ ಮಾಡು ಎಂದು ವಿಜಯಾಬಾಯಿ ಯಾವತ್ತೂ ಹೇಳಿರಲಿಲ್ಲ ನಿಜ. ಬೇಡ ಎಂದೂ ಹೇಳಿರಲಿಲ್ಲ.

ಮಗು ಇದನ್ನೆಲ್ಲ ಅಂಬಮ್ಮನ ಸೊಂಟದ ಮೇಲೆ ಕೂತು, ಅಂಬಮ್ಮನ ಕಡೆಯಿಂದ ನೋಡುತ್ತ ಬೆಳೆದಿತ್ತು. ಆ ಕಡೆಯಿಂದ ನೋಡಿದರೆ ಅಜ್ಜಿಗೆ ಸಂಜೆಗೂ ಮಡಿಯೇ. ಕೂಸು ಒಂದಕ್ಷರವೂ ತಪ್ಪು ಹೇಳಿರಲಿಲ್ಲ. ಎರಡು ತಿಂಗಳು ಒಂದು ಕೂಗನ್ನು ನೆನೆದು ಹಲುಬಿದ ವಿಜಯಾಬಾಯಿಗೆ ನಾಚಿಕೆಯಾಯಿತು.

"ಅಂಬಮ್ಮ, ಚೀಲ ಎತ್ತು," ಎಂದಳು.

ಅಂಬಮ್ಮ ಗಾಬರಿಯಾದಳು. "ಯಾಕ್ರಿ, ಇಲ್ಲಿ ಇಡಬಾರದಿತ್ತೇನ್ರಿ?"

"ಎತ್ತಿ ನನ್ನ ಕೈಯಾಗ ಕೊಡು."

"ನೀವು ಮಡ್ಯಾಗ ಅದೀರಿ ಬಾಯಾರ."

"ನನಗ ಗೊತ್ತದ. ಕೊಡು." ವಿಜಯಾಬಾಯಿ ಎರಡೂ ಕೈ ಮುಂದೆ ಮಾಡಿದಳು.

ಅಂಬಮ್ಮ ಮಗುವನ್ನು ಕೆಳಗಿಳಿಸಿ ಚೀಲ ಎತ್ತಿದಳು. ಚೀಲದ ಜೊತೆಗೇ ವಿಜಯಾಬಾಯಿ ಆಕೆಯ ಕೈಯನ್ನೂ ಹಿಡಿದುಕೊಂಡಳು. "ಇಷ್ಟು ವರ್ಷ ನೆಲದ ಮ್ಯಾಲೆ ಇಡಿಸಿಕೊಂಡೆ ನಾನು. ತಪ್ಪಾತು ನಂದು."

ಅದೇನು ಮಹಾ, ಬಿಡ್ರಿ ಎಂದು ಅಂಬಮ್ಮ ಹೇಳಲಿಲ್ಲ. "ಹೌದ್ರಿ ಬಾಯಾರ" ಎಂದಳು. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಆ ಮಾತು ಚುಚ್ಚಿತು, ಚುಚ್ಚಿದ್ದೇ ಸರಿ ಎಂದೂ ವಿಜಯಾಬಾಯಿಗೆ ಅನಿಸಿತು.

"ಒಳಗ ಬಾ. ಚಾ ಕುಡುದು ಹೋಗೀಯಂತ."

ಹಜಾರದಲ್ಲಿ ಪೇಪರು ಓದುತ್ತಿದ್ದ ಮಾಸ್ತರರು ಹೆಂಡತಿ ಮಡಿಸೀರೆಯಲ್ಲೇ ಬಂದು ಅಂಬಮ್ಮನ ಪಕ್ಕ ಚಾಪೆಯ ಮೇಲೆ ಕೂತದ್ದನ್ನು ಕಂಡು ಕನ್ನಡಕ ಸರಿಮಾಡಿಕೊಂಡರು. ಕನ್ನಡಕದ ತಪ್ಪೇನಿರಲಿಲ್ಲ.

"ಇವತ್ತ ನೈವೇದ್ಯದ ಅನ್ನ ನೀವಾ ಮಾಡ್ರಿ," ಎಂದಳು ವಿಜಯಾಬಾಯಿ. "ಒಲಿ ಮ್ಯಾಲಿನ ಚಾ ಸೋಸಿ ನಮಗ ಕೊಟ್ಟು, ಸ್ನಾನ ಮಾಡಿ ಶುರು ಮಾಡ್ರಿ."

"ನನಗ ಅನ್ನ ಮಾಡ್ಲಿಕ್ಕ ಎಲ್ಲಿ ಬರ್ತದ?"

"ಒಂದು ಪಾಲು ಅಕ್ಕಿಗೆ ಎರಡು ಪಾಲು ನೀರು. ಗಣಿತ ಕಲಿಸಿದವರಿಗೆ ಇಷ್ಟು ತಿಳಿಯಂಗಿಲ್ಲೇನು?"

ಅಂಬಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾಸ್ತರರು ಚಹಾ ತಂದುಕೊಟ್ಟರು, ಆಮೇಲೆ ಬಚ್ಚಲಿನಲ್ಲಿ ಎಂದಿಗಿಂತ ಹೆಚ್ಚು ಸದ್ದು ಮಾಡುತ್ತ ಸ್ನಾನಕ್ಕಿಳಿದರು. ಇಬ್ಬರು ಹೆಂಗಸರು ದುರ್ಗಾಳ ಹಾಸ್ಟೆಲಿನ ಊಟ, ಸೀತಾಫಲದ ಬೆಲೆ ಎಂದು ಮಾತಿಗಿಳಿದರು. ವಿಜಯಾಬಾಯಿ ಮಗುವನ್ನು ಕರೆಯಲಿಲ್ಲ. ಇನ್ನು ಕರೆಯಬಾರದು ಎಂದು ತೀರ್ಮಾನಿಸಿದ್ದಳು.

ಮಹತಿ ಕಂಬಕ್ಕೊರಗಿ ಇಬ್ಬರ ಕೈಗಳನ್ನೂ ಬಹಳ ಹೊತ್ತು ನೋಡಿದಳು. ಮೆಲ್ಲಗೆ ಬಂದು ಒಂದು ಬೆರಳಿನಿಂದ ಅಜ್ಜಿಯ ತೋಳನ್ನು ಮುಟ್ಟಿ ಸರಕ್ಕನೆ ಹಿಂದೆಳೆದುಕೊಂಡಳು. ಏನೂ ಆಗಲಿಲ್ಲ. ಅಜ್ಜಿ ಕೂಗಲಿಲ್ಲ, ಅಂಬವ್ವ ಹಿಂದೆ ಸರಿಯಲಿಲ್ಲ. ಇನ್ನೊಮ್ಮೆ ಮುಟ್ಟಿದಳು, ಈ ಸಲ ಇಡೀ ಅಂಗೈ. ಆಮೇಲೆ ಚೀಲದಿಂದ ಒಂದು ಸೀತಾಫಲ ತೆಗೆದು, ಅಜ್ಜಿಯ ಕೈಯಲ್ಲಿಟ್ಟು, "ಬೀಜ ತಗದು ಕೊಡು" ಎನ್ನುತ್ತ, ದಿನಾ ಕೂರುವ ಜಾಗವೇ ಎಂಬಂತೆ ತೊಡೆಯೇರಿ ಕೂತುಬಿಟ್ಟಳು.

ವಿಜಯಾಬಾಯಿ ಹಣ್ಣು ಒಡೆದು ಒಂದೊಂದೇ ಬೀಜ ಬಿಡಿಸಿ ತಿರುಳನ್ನು ಮಗುವಿನ ಬಾಯಿಗಿಡತೊಡಗಿದಳು. ಕಣ್ಣು ಮಂಜಾಗಿ ಬೀಜವೊಂದು ತಪ್ಪಿ ಬಾಯಿಗೇ ಹೋಯಿತು. ಮಹತಿ ಅದನ್ನು ಅಜ್ಜಿಯ ಅಂಗೈಗೇ ಉಗುಳಿದಳು. ಅದನ್ನು ನೋಡಿ ಅಂಬಮ್ಮ ಇನ್ನೊಂದು ಹಣ್ಣು ಒಡೆದು ಬೀಜ ಬಿಡಿಸಿಕೊಡಲು ಸೇರಿಕೊಂಡಳು.

ಅಡುಗೆಮನೆಯಿಂದ ಸೀದ ವಾಸನೆ ಬಂತು. "ಅನ್ನ ತಳ ಹಿಡೀತು ಮಾರಾಯ್ತಿ, ಸ್ವಲ್ಪ ಎದ್ದು ಬಾ!" ಎಂದು ಮಾಸ್ತರರು ಕೂಗಿದರು.

"ಏಳ್ಲಿಕ್ಕ ಬರಂಗಿಲ್ರೀ," ಎಂದಳು ವಿಜಯಾಬಾಯಿ, ಓಣಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ತೊಡಿ ಮ್ಯಾಲೆ ಮೊಮ್ಮಗಳು ಕೂತಾಳ."