ಇನ್‌ಸ್ಪೆಕ್ಟರ್ ಕಿನ್‌ಲಾಕ್‌ನ ಆತ್ಮಶಾಂತಿಗೆ

೧೯೮೯ರ ಅಕ್ಟೋಬರ್ ೨೦, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕೊಲ್ಲಿ ನಾಡಿನ ರುಸೈಲ್ ಕೈಗಾರಿಕಾ ಪ್ರದೇಶದಿಂದ ಬಂದ ಕಂಪನಿ ವ್ಯಾನಿನಿಂದಿಳಿದ ಬೊನಿಫಾಸ್ ಇಗರ್ಜಿಯ ಬಾಗಿಲಲ್ಲಿದ್ದ ಕರಿಹಲಗೆಯ ಮುಂದೆ ನಿಂತ. ಅಂದಿನ ಕೊಂಕಣಿ ಪೂಜೆ ಯಾರ ಆತ್ಮಶಾಂತಿಗೆ ಎಂಬುದನ್ನು ಚಾಕ್‌ಪೀಸಿನಲ್ಲಿ ಬರೆದಿತ್ತು: ಜೇಮ್ಸ್, ಸ್ಕಾಟ್ಲೆಂಡ್.

ಅಲ್ಲಿರಬೇಕಾದದ್ದು ಅವನ ತಾಯಿ ಸೆವ್ರಿನ್ ಬಾಯಿಯ ಹೆಸರು. ಅವಳು ತೀರಿಕೊಂಡು ಅಂದಿಗೆ ಒಂದು ತಿಂಗಳು. ಪಾಸ್‌ಪೋರ್ಟು ಕೆಲಸಕ್ಕೆ ಕರೆಸಿಕೊಂಡ ಅರಬಿ ಕಫೀಲನ ಕಪಾಟಿನಲ್ಲಿತ್ತು, ರಜೆ ದೂರವಿತ್ತು. ಶಿರ್ವದಲ್ಲಿ ಅವಳನ್ನು ಮಣ್ಣು ಮಾಡುವ ಹೊತ್ತಿಗೆ ಮಗ ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಬಣ್ಣದ ಮಾದರಿಗಳನ್ನು ಒಣಗಿಸುತ್ತಿದ್ದ. ತಿಂಗಳ ಪೂಜೆಯಲ್ಲಾದರೂ, ಊರಿನ ನಾಲ್ಕು ಜನರ ನಡುವೆ, ಅವಳ ಹೆಸರು ತನ್ನ ಕಿವಿಗೆ ಬೀಳಬೇಕು ಎಂಬ ಆಸೆಯೊಂದೇ ಅವನಿಗೆ ಉಳಿದಿತ್ತು. ಕೊಂಕಣಿ ಪೂಜೆ ತಿಂಗಳಿಗೊಮ್ಮೆ, ಒಂದು ಪೂಜೆಗೆ ಒಂದೇ ಹೆಸರು. ಅದನ್ನು ಬರೆಸಲು ಅವನು ಹೇಳಿದ್ದು ಇಗರ್ಜಿ ಸಮಿತಿಯ ಕ್ಲಾರೆನ್ಸನಿಗೆ.

ಕ್ಲಾರೆನ್ಸ್ ಅಲ್ ಅಜೈಬಾ ಬಡಾವಣೆಯ ಓದುಗರ ಕೂಟದ ಅಧ್ಯಕ್ಷನೂ ಹೌದು. ಕೂಟವೆಂದರೆ ಹತ್ತು ಹನ್ನೊಂದು ಮಂಗಳೂರಿನ ಕುಟುಂಬಗಳು. ಅವರೆಲ್ಲರಿಗೂ ಒಬ್ಬನೇ ಆರಾಧ್ಯ ಪುರುಷ, ಎಡಿನ್‌ಬರೋದ ಇನ್‌ಸ್ಪೆಕ್ಟರ್ ಕಿನ್‌ಲಾಕ್. ಅವನ ಮೇಲೆ ಇಪ್ಪತ್ತಾರು ಕಾದಂಬರಿಗಳು. ಪ್ರತಿಯೊಂದರಲ್ಲೂ ಮಳೆ, ಒಂದು ಹೆಣ, ಇನ್‌ಸ್ಪೆಕ್ಟರನ ಅಜೀರ್ಣ, ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಭಾಷಣ. ಮರಳುಗಾಡಿನಲ್ಲಿ ಏಸಿ ಹಾಕಿ, ಕಂಬಳಿ ಹೊದ್ದು, ಇವರು ಅದನ್ನು ಓದಿ ನಡುಗುತ್ತಿದ್ದರು. ಬೊನಿಫಾಸ್ ಒಂದನ್ನು ಅರ್ಧ ಓದಿದ್ದ. ಅದರಲ್ಲಿ ಆರ್ಸೆನಿಕ್‌ಗೆ ಬಾದಾಮಿಯ ವಾಸನೆಯಿತ್ತು; ಅಲ್ಲಿಗೇ ಮುಚ್ಚಿಟ್ಟಿದ್ದ. ಬಾದಾಮಿ ವಾಸನೆ ಸಯನೈಡಿಗೆ ಎಂದರೆ ಕ್ಲಾರೆನ್ಸ್, "ಸ್ಕಾಟ್ಲೆಂಡಿನ ಆರ್ಸೆನಿಕ್ ಬೇರೆ ಇರ್ಬಹುದು ಮಾರಾಯ" ಎಂದಿದ್ದ.

ಈಗ ಕ್ಲಾರೆನ್ಸ್ ಅಂಗಳದಲ್ಲಿ ಕಪ್ಪು ಟೈ ಕಟ್ಟಿ ನಿಂತಿದ್ದ. ಪಕ್ಕದಲ್ಲಿ ಹೆಂಡತಿ ರೋಸಲಿಂಡ್, ಅವಳೂ ಕಪ್ಪು ಸೀರೆಯಲ್ಲಿ.

"ಎಂತ ಕ್ಲಾರೆನ್ಸ್, ಯಾರಿದು ಜೇಮ್ಸ್?"

"ನಮ್ಮ ಕಿನ್‌ಲಾಕ್," ಎಂದ ಅವನು ದನಿ ತಗ್ಗಿಸಿ. "ಹೆಸರು ಜೇಮ್ಸ್ ಅಂತ ಕೊನೇ ಪುಸ್ತಕದಲ್ಲೇ ಗೊತ್ತಾದ್ದು. ಸತ್ತೇ ಹೋದ, ಬೊನಿಫಾಸ್."

"ನನ್ನ ಅಮ್ಮನೂ ಸತ್ತಿದ್ದಾಳೆ."

"ಗೊತ್ತುಂಟು ಮಾರಾಯ. ಅವರಿಗೆ ಊರಲ್ಲಿ ಪೂಜೆ ಆಗ್ತದಲ್ಲ? ನಿನ್ನ ಅಕ್ಕಂದಿರು, ತಮ್ಮ, ಎಲ್ಲ ಉಂಟು. ಈ ಪಾಪದವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಯಾರುಂಟು ಹೇಳು?"

"ಅವನೇ ಇಲ್ವಲ್ಲ!"

"ನಿಮಗೆ ಓದುವ ಅಭ್ಯಾಸ ಇಲ್ಲ ಬೊನಿಫಾಸ್ ಬಾಬ್," ಎಂದಳು ರೋಸಲಿಂಡ್, ಕರವಸ್ತ್ರದ ಹಿಂದಿನಿಂದ. "ನಿಮಗೆ ಅರ್ಥ ಆಗುದಿಲ್ಲ. ಎಷ್ಟು ಕಷ್ಟದ ಸಾವು ಗೊತ್ತುಂಟಾ? ಶ್ವಾಸಕೋಶದಲ್ಲಿ ನೀರು."

ತಾಯಿ ಹೇಗೆ ಸತ್ತಳೆಂದು ಈ ಒಂದು ತಿಂಗಳಲ್ಲಿ ಇಬ್ಬರೂ ಕೇಳಿರಲಿಲ್ಲ. ಬೊನಿಫಾಸ್ ನೇರ ಪಾದ್ರಿಯ ಕೋಣೆಗೆ ನಡೆದ.

ಫಾದರ್ ವಿಕ್ಟರ್ ಪೂಜೆಯ ಉಡುಪು ಧರಿಸುತ್ತಿದ್ದರು.

"ಫಾದರ್, ಈ ಜೇಮ್ಸ್ ಅನ್ನುವವ ಮನುಷ್ಯನೇ ಅಲ್ಲ. ಕಾದಂಬರಿಯವ."

"ಎಣ್ಣೆ ಕಂಪನಿಯ ಯಾರೋ ಸಾಹೇಬ ಅಂದ್ನಲ್ಲ ಕ್ಲಾರೆನ್ಸ್?"

"ಸುಳ್ಳು. ಅವನು ಕಿನ್‌ಲಾಕ್."

ಫಾದರ್ ಅವರ ಕೈ ಕೊರಳಪಟ್ಟಿಯ ಮೇಲೆಯೇ ನಿಂತಿತು. ಮುಖ ಬಿಳಿಚಿತು.

"ಕಿನ್‌ಲಾಕ್ ಸತ್ತನಾ?"

"ಕೊನೇ ಪುಸ್ತಕದಲ್ಲಂತೆ."

"ನಾನಿನ್ನೂ ಇಪ್ಪತ್ತೆರಡನೆಯದರಲ್ಲಿದ್ದೇನಲ್ಲ!" ಫಾದರ್ ಕುರ್ಚಿಯ ಮೇಲೆ ಕುಸಿದರು. ಮೇಜಿನ ಮೇಲೆ ಪ್ರಾರ್ಥನಾ ಪುಸ್ತಕದಡಿಯಲ್ಲಿ ಮಂಜು ಮುಸುಕಿದ ಕೋಟೆಯ ಚಿತ್ರದ ರಟ್ಟು ಇಣುಕುತ್ತಿತ್ತು. "ಇನ್ನು ಓದಿ ಎಂತ ಪ್ರಯೋಜನ? ಎಲ್ಲ ಹಾಳು ಮಾಡಿಬಿಟ್ಟೆಯಲ್ಲ ಮಾರಾಯ!"

ಓದು ಬರಹ ಕಲಿತವರು ಇಷ್ಟು ಪೆದ್ದರಾಗಬಲ್ಲರು ಎಂದು ಬೊನಿಫಾಸ್ ಎಣಿಸಿರಲಿಲ್ಲ. ಆದರೆ ಜಗಳಕ್ಕೆ ಹೊತ್ತಿರಲಿಲ್ಲ.

"ಅಮ್ಮನ ಹೆಸರು ಸೆವ್ರಿನ್," ಎಂದ ಗಟ್ಟಿಯಾಗಿ. "ಊರು ಶಿರ್ವ."

ಫಾದರ್ ಪೆನ್ನೆತ್ತಿ ಪೂಜೆಯ ಚೀಟಿಯಲ್ಲಿದ್ದ ಜೇಮ್ಸನ ಹೆಸರನ್ನು ಕಾಗದ ಹರಿಯುವಂತೆ ಗೀಚಿ ಹಾಕಿದರು. ಆ ಸಿಟ್ಟು ಕ್ಲಾರೆನ್ಸನ ಸುಳ್ಳಿನ ಮೇಲೋ, ಇನ್‌ಸ್ಪೆಕ್ಟರನ ಸಾವಿನ ಮೇಲೋ, ಬೊನಿಫಾಸ್ ಕೇಳಲು ಹೋಗಲಿಲ್ಲ.

ಪೂಜೆಯಲ್ಲಿ ಸೆವ್ರಿನ್ ಬಾಯಿಯ ಹೆಸರು ಸ್ಪಷ್ಟವಾಗಿ, ಊರಿನ ಉಚ್ಚಾರದಲ್ಲಿ, ಕೇಳಿಸಿತು. ಬೊನಿಫಾಸ್ ತಲೆ ತಗ್ಗಿಸಿದ. ಕಣ್ಣು ಒರೆಸಿಕೊಂಡು ತಲೆಯೆತ್ತಿದಾಗ ಮುಂದಿನ ಎರಡು ಬೆಂಚುಗಳ ಕಪ್ಪು ಬಟ್ಟೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ರೋಸಲಿಂಡಳ ಬಿಕ್ಕಳಿಕೆ ಅರ್ಧದಲ್ಲಿ ನಿಂತಿತ್ತು. ಅದು ಮತ್ತೆ ಶುರುವಾಗಲಿಲ್ಲ.

ಹೊರಗೆ ಕ್ಲಾರೆನ್ಸ್ ಅವನನ್ನು ತಡೆದ. ತಾಯಿಯ ಬಗ್ಗೆ ಆಗಲೂ ಒಂದು ಮಾತಿಲ್ಲ.

"ಕಲ್ಲು ಹೃದಯ ನಿಂದು. ಒಮ್ಮೆ ಓದು ಇದನ್ನು, ಆಮೇಲೆ ನಿನಗೇ ನಾಚಿಕೆ ಆಗ್ತದೆ," ಎಂದು ಕೊನೆಯ ಪುಸ್ತಕವನ್ನು ಅವನ ಕೈಗೆ ತುರುಕಿದ.

"ಆಯ್ತು, ಕೊಡು," ಎಂದ ಬೊನಿಫಾಸ್.

ಶನಿವಾರ ಬೆಳಿಗ್ಗೆ ಅವನು ಅದನ್ನು ಲ್ಯಾಬಿಗೆ ಒಯ್ದ. ಅಲ್ಲಿ ತಕ್ಕಡಿಯ ಮೇಜಿನ ಒಂದು ಕಾಲು ಗಿಡ್ಡವಾಗಿ ಓಲಾಡುತ್ತಿತ್ತು. ಪುಸ್ತಕವನ್ನು ಅದರಡಿ ಇಟ್ಟ, ತುಸು ದಪ್ಪವಾಯಿತು. ಕೊನೆಯ ಅಧ್ಯಾಯದಿಂದ ಶುರುಮಾಡಿ, ಮೇಜು ಸಮವಾಗುವ ತನಕ ಹಾಳೆ ಕಿತ್ತ. ನಂತರ ಅಭ್ಯಾಸಬಲದಿಂದ ವರ್ನಿಯರ್ ಮಾಪಕ ಹಿಡಿದು ಅಳೆದ. ಉಳಿದ ಕಿನ್‌ಲಾಕ್‌ನ ದಪ್ಪ ೨೧.೪ ಮಿಲಿಮೀಟರ್.