ಬರ್ತೀನಿ ಅಂದ ತಪ್ಪಿಗೆ

ಮಂಡಿ ನೋವು ಶುರುವಾಗೋ ವಯಸ್ಸು ಬಂದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ರವಿಕೆ ಹೊಲಿದುಕೊಂಡು ಬದುಕಿದವಳು. ಗಂಡ ಹೋದ ಮೇಲೆ ಅಣ್ಣ, "ಒಬ್ಳೇ ಅಲ್ಲೇನ್ ಮಾಡ್ತೀಯ, ಇಲ್ಲಿಗೆ ಬಂದ್ಬಿಡು, ನಾನಿಲ್ವಾ" ಅಂತ ತಾನಿದ್ದ ಪರದೇಶಕ್ಕೆ ಕರೆಸಿಕೊಂಡ. ಕರೆಸಿಕೊಂಡು ತಿಂಗಳೂ ಆಗಿಲ್ಲ, ಅವನ ಕೆಲಸವೇ ಬೇರೆ ಊರಿಗೆ ಹೋಯಿತು, ರೈಲಲ್ಲಿ ಒಂದು ಹಗಲಿನ ದಾರಿ. ಅಲ್ಲಿ ಅವನಿಗೇ ನಾಲ್ಕು ಜನರ ನಡುವೆ ಮಲಗೋಕೆ ಜಾಗ, ಇನ್ನು ತಂಗಿಯನ್ನ ಎಲ್ಲಿ ಇಟ್ಟುಕೊಳ್ಳೋದು. ಭಾನುವಾರ ಭಾನುವಾರ ಫೋನ್ ಮಾಡ್ತೀನಿ ಅಂದು ಹೊರಟ. ನಾನಿಲ್ವಾ ಅಂದ ಮಾತೂ ಅವನ ಹಿಂದೆಯೇ ರೈಲು ಹತ್ತಿತು.

ಅವಳ ಕೋಣೆ ಮೂರನೇ ಮಹಡಿಯ ಹಿಂಭಾಗದಲ್ಲಿ. ಒಂದು ಮಂಚ, ಒಂದು ಒಲೆ, ಪಕ್ಕದ ಕಟ್ಟಡದ ಗೋಡೆಯನ್ನೇ ತೋರಿಸೋ ಒಂದು ಕಿಟಕಿ. ಮೊದಮೊದಲು ಮೆಟ್ಟಿಲಲ್ಲಿ ಎದುರಾದವರಿಗೆಲ್ಲ ನಕ್ಕಳು. ಅವರೂ ನಕ್ಕರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತಾಡದೆ ನಾಲಿಗೆಗೆ ತುಕ್ಕು ಹಿಡಿದೀತು ಅಂತ ಹಾಲಿನ ಪಾತ್ರೆಯನ್ನೇ "ತಡಿಯಮ್ಮಾ, ಉಕ್ಕಬೇಡ, ಬಂದೆ" ಅಂತ ಮಾತಾಡಿಸೋಳು. ನಗಬೇಡಿ. ಒಬ್ಬರೇ ಇದ್ದು ನೋಡಿ, ಗೊತ್ತಾಗುತ್ತೆ.

ಬೀದಿಯ ತುದಿಯಲ್ಲಿ ಬಟ್ಟೆ ರಿಪೇರಿ ಅಂಗಡಿ ಒಂದಿತ್ತು. ಪುಟ್ಟಿ ಧೈರ್ಯ ಮಾಡಿ ಒಳಗೆ ಹೋಗಿ, ಮೆಷಿನ್ ತೋರಿಸಿ, ತನ್ನ ಎದೆ ಮುಟ್ಟಿಕೊಂಡಳು. ಯಜಮಾನಿ ಲೈನಿಂಗ್ ಹರಿದ ಕೋಟೊಂದನ್ನ ಕೊಟ್ಟಳು. ಪುಟ್ಟಿ ಹಾಕಿದ ಹೊಲಿಗೆಯನ್ನ ತಿರುಗಿಸಿ ಮುರುಗಿಸಿ ನೋಡಿ, ಕಿಟಕಿ ಪಕ್ಕದ ಖಾಲಿ ಮೆಷಿನ್ ತೋರಿಸಿ, ಪುಟ್ಟಿಗೆ ಅರ್ಥವಾಗಲಿ ಅಂತ ಬಿಡಿಬಿಡಿಯಾಗಿ, ಕೈಸನ್ನೆ ಸೇರಿಸಿ ಹೇಳಿದಳು. "ಇದು ನಿಂದು. ಆದ್ರೆ ಕೆಲಸಕ್ಕೆ ಸರ್ಕಾರದ ನಂಬರ್ ಬೇಕು. ಒಂದನೇ ತಾರೀಖಿಗೆ ತಗೊಂಡು ಬಾ. ಅದಿಲ್ದೆ ಕೂರಿಸಿದ್ರೆ ನನ್ನ ಅಂಗಡಿಗೇ ಬೀಗ." ಅಲ್ಲಿ ಇನ್ನಿಬ್ಬರು ಹೆಂಗಸರು ಹೊಲಿಯುತ್ತಲೇ ಹರಟೆ ಹೊಡೆಯುತ್ತಿದ್ದರು. ನಿಜ ಹೇಳಬೇಕಂದ್ರೆ ಪುಟ್ಟಿಗೆ ಸಂಬಳಕ್ಕಿಂತ ಆ ಹರಟೆಯ ಮೇಲೆ ಆಸೆ ಹುಟ್ಟಿತು.

ಸರ್ಕಾರಿ ಕಚೇರಿಗೆ ಹೋದಳು. ಕೌಂಟರಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು. ಅವಳು ತಾಯಿಯ ಹೆಸರು ಕೇಳಿದಳು, ಹುಟ್ಟಿದ ಊರು ಕೇಳಿದಳು. ಯಾರೋ ತನ್ನನ್ನ ಇಷ್ಟೊಂದು ವಿಚಾರಿಸಿಕೊಂಡರಲ್ಲ ಅಂತ ಪುಟ್ಟಿ, ಅವಳು ಕೇಳದಿದ್ದರೂ, ಅಜ್ಜಿಯ ಹೆಸರನ್ನೂ ಹೇಳಿದಳು. ಕೊನೆಗೆ ಕನ್ನಡಕದವಳು ಏನೋ ಉದ್ದಕ್ಕೆ ಕೇಳಿದಳು. ಪುಟ್ಟಿಯ ಕಿವಿಗೆ ಬಿದ್ದಿದ್ದು ಪೋಸ್ಟ್ ಅನ್ನೋದೊಂದೇ. ಓಹೋ, ನಂಬರ್ ಪೋಸ್ಟಲ್ಲಿ ಬರುತ್ತೆ ಅಂದುಕೊಂಡು ತಲೆ ಆಡಿಸಿದಳು. ಕಾಗದಗಳನ್ನ ಎತ್ತಿಕೊಂಡು, ಆ ಭಾಷೆಯಲ್ಲೇ ಪದ ಜೋಡಿಸಿಕೊಂಡು, "ಬರ್ತೀನಿ" ಅಂದಳು. ಕನ್ನಡಕದವಳು ನಕ್ಕು ಏನೋ ಗುರುತು ಹಾಕಿಕೊಂಡಳು.

ಆಮೇಲೆ ಹಗಲೂ ರಾತ್ರಿ ಪೋಸ್ಟಿನದೇ ಜಪ. ಮೂರು ಮಹಡಿ ಇಳಿದು ಡಬ್ಬಿ ನೋಡೋದು, ಸಪ್ಪೆ ಮುಖ ಮಾಡಿಕೊಂಡು ಹತ್ತೋದು. ಹಲ್ಲಿನ ಡಾಕ್ಟರ ಜಾಹೀರಾತು ಬಂತು, ಯಾರದೋ ಕರೆಂಟ್ ಬಿಲ್ ಬಂತು, ನಂಬರ್ ಮಾತ್ರ ಬರಲಿಲ್ಲ. ಹೋಗಿ ಕೇಳೋಣ ಅಂದರೆ, ಸರ್ಕಾರದವರನ್ನ ಅವಸರ ಮಾಡಿದರೆ ಎಲ್ಲಿ ಸಿಟ್ಟಾಗ್ತಾರೋ ಅನ್ನೋ ಹೆದರಿಕೆ. ಒಂದನೇ ತಾರೀಖು ಬಂತು, ಹೋಯಿತು. ಯಜಮಾನಿ ಇನ್ನೂ ಸ್ವಲ್ಪ ದಿನ ಕಾಯ್ತೀನಿ ಅಂದಳು. ಆ ದಿನಗಳೂ ಮುಗಿದ ಮೇಲೆ ಪುಟ್ಟಿ ಬಂದದ್ದು ಬರಲಿ ಅಂತ ಕಚೇರಿಗೆ ಹೊರಟಳು.

ಅವಳನ್ನ ಕಂಡದ್ದೇ ಕನ್ನಡಕದವಳು ಎದ್ದು ನಿಂತಳು. "ಅಂತೂ ಬಂದ್ರಲ್ಲ. ಎಲ್ಲಿ ಹೋಗ್ಬಿಟ್ರಿ?" ಅಂತ ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು. "ಪೋಸ್ಟಿಗೆ ಹಾಕ್ಲಾ, ನೀವೇ ಬಂದು ತಗೊಳ್ತೀರಾ ಅಂದಿದ್ದಕ್ಕೆ ಬರ್ತೀನಿ ಅಂದ್ರಿ. ಮುಂದಿನ ವಾರಕ್ಕೇ ಬಂತು, ಎತ್ತಿಟ್ಟಿದೀನಿ. ದಿನಾ ಬಾಗಿಲ ಕಡೆ ನೋಡ್ತಿದ್ದೆ. ಹುಷಾರಿಲ್ವೇನೋ ಅಂತ ಯೋಚನೆ ಆಯ್ತು."

ಏನು ಹೇಳೋದು. ಮನೆಯಿಂದ ಹೊರಡುವಾಗ ಹೋಗ್ತೀನಿ ಅಂದರೆ ಅಮ್ಮ ಬಾಯಿ ಮೇಲೆ ಒಂದು ಕೊಡ್ತಿದ್ದಳು. ಬರ್ತೀನಿ ಅನ್ನೇ, ಕೆಟ್ಟ ಮುಂಡೇದೆ, ಅಂತ. ಅದನ್ನ ಇವಳಿಗೆ ತಿಳಿಸಿ ಹೇಳೋಕೆ ಯಾವ ಭಾಷೆ ತರೋದು. ಪುಟ್ಟಿ ನಂಬರಿದ್ದ ಲಕೋಟೆಯನ್ನ ಎದೆಗೆ ಅವಚಿಕೊಂಡು ಅಂಗಡಿಗೆ ಓಡಿದಳು.

ಕಿಟಕಿ ಪಕ್ಕದ ಮೆಷಿನ್ನಿನಲ್ಲಿ ಬೇರೆ ಯಾರೋ ಕೂತು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಯಜಮಾನಿ ಪುಟ್ಟಿಯ ಕೈ ಹಿಡಿದು, ಬೆಳಿಗ್ಗೆ ತಾನೇ ಸೇರಿಸಿಕೊಂಡೆ ಅಂದಳು. ಹೊಸಬಳು ಆಗಲೇ ಉಳಿದಿಬ್ಬರ ಜೊತೆ ನಗುತ್ತಿದ್ದಳು.

ಭಾನುವಾರ ಫೋನಲ್ಲಿ ಇದನ್ನ ಕೇಳಿ ಅಣ್ಣ ಕೆಂಡವಾದ. "ಪೋಸ್ಟಿಗೆ ಹಾಕೋಕೆ ಏನು ರೋಗ ಅವಳಿಗೆ? ನಿನ್ನ ಹೊಟ್ಟೆ ಮೇಲೆ ಹೊಡೆದ್ಳಲ್ಲ. ದೂರು ಕೊಡೋಣ. ನಾನು ಬರೀತೀನಿ, ನೀನು ಸೈನ್ ಹಾಕು."

"ಬೇಡ ಬಿಡಣ್ಣ."

"ಯಾಕೆ ಬೇಡ? ಅವಳೇನು ನಿನ್ನ ನೆಂಟಳಾ?"

ಪುಟ್ಟಿಗೆ ಅಳು ಬಂತು, ತಡೆದುಕೊಂಡಳು. "ಈ ಊರಲ್ಲಿ ನನ್ನ ದಾರಿ ಕಾದವಳು ಅವಳೊಬ್ಬಳೇ ಅಣ್ಣ," ಅಂದಳು.

ಆ ಕಡೆ ಅವನು ಮೂಗೊರೆಸಿಕೊಳ್ಳೋದು ಕೇಳಿಸಿತು.

"ಊಟ ಆಯ್ತೇನೇ ಪುಟ್ಟಿ?" ಅಂದ.

ಆಯ್ತು ಅಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.